ಬಿಸುವಿನ ಪಾಯಸಕ್ಕೆ ಎಲ್ಲಿಯ ನೀರು?

ನಸುಕಿನಲ್ಲೇ ತುಳಸಿಕಟ್ಟೆಗೆ ದೀಪ ಇಟ್ಟ ಮೇಲೆ ಭಜನಾ ಮಂದಿರದ ಬಾಗಿಲ ತನಕ ನಡೆದು, ಕೈಮುಗಿದು ಬರುವುದು ನಳಿನಾಕ್ಷಿಯ ಪದ್ಧತಿ. ಆ ದಾರಿಯಲ್ಲಿ ಅವಳು ಬೀದಿದೀಪಗಳನ್ನು ಎಣಿಸುತ್ತಾಳೆ. ಮನೆಯಿಂದ ಮಂದಿರಕ್ಕೆ ಮೂವತ್ತೇಳು ಕಂಬ. ಹೋಗುವಾಗ ಉರಿಯುವ ದೀಪಗಳು, ಬರುವಾಗ ಉರಿಯದ ದೀಪಗಳು. ಎರಡನ್ನೂ ಕೂಡಿಸಿದರೆ ಮೂವತ್ತೇಳು ಬರಲೇಬೇಕು. ಬಾರದಿದ್ದರೆ ತಿರುಗಿ ಹೋಗಿ ಮತ್ತೆ ಎಣಿಸಿಯಾಳೇ ಹೊರತು ಅಂದಾಜಿನಲ್ಲಿ ಬಿಡುವವಳಲ್ಲ. ಜ್ವರ ಬಂದ ದಿನವೂ ಈ ಎಣಿಕೆ ತಪ್ಪಿದ್ದಿಲ್ಲ. ಮಗಳು ಹರ್ಷಿಣಿಯ ಮದುವೆಯ ಬೆಳಿಗ್ಗೆಯೂ ಹೊರಟೇಬಿಟ್ಟಿದ್ದಳು.

"ಅಮ್ಮಾ, ಇವತ್ತಾದರೂ ಆ ಕಂಬಗಳನ್ನು ಅವುಗಳಷ್ಟಕ್ಕೆ ಬಿಡು" ಎಂದು ಹರ್ಷಿಣಿ ಮದರಂಗಿಯ ಕೈ ಮುಗಿದಿದ್ದಳು.

"ನಿನ್ನ ದಿಬ್ಬಣ ಬರುವುದು ಅದೇ ದಾರಿಯಲ್ಲಿ ಮಗಾ. ನಾಲ್ಕು ದೀಪ ಕೆಟ್ಟಿದ್ದರೆ ನಿನ್ನ ಅತ್ತೆ ಆಯುಷ್ಯಪೂರ್ತಿ ಹೇಳಿಯಾರು" ಎಂದು ಚಪ್ಪಲಿ ಹಾಕಿಕೊಂಡವಳು ನಳಿನಾಕ್ಷಿ.

ಕಾಪುವಿನಿಂದ ಪಡುಬಿದ್ರಿಯ ಕಡೆಗೆ ಹೋಗುವಾಗ ಹೆದ್ದಾರಿಯಿಂದ ಕಡಲಿನ ಬದಿಗೆ ಇಳಿದರೆ ತೆಂಕಕೋಡಿ ಎಂಬ ಸಣ್ಣ ಪೇಟೆ. ಅಲ್ಲಿಯ ಪಟ್ಟಣ ಪಂಚಾಯಿತಿಯಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ ಕುಳಿತು ಊರನ್ನು ಅಂಕಿಗಳಲ್ಲಿ ಬರೆದಿಡುವುದು ಅವಳ ಕೆಲಸ. ಮನೆ ಎಷ್ಟು, ನಳ್ಳಿ ಎಷ್ಟು, ನಳ್ಳಿಯಲ್ಲಿ ನೀರು ಎಷ್ಟು ಗಂಟೆ, ಚರಂಡಿ ಎಷ್ಟು ಮೀಟರ್, ಹಸಿ ಕಸ ಒಣ ಕಸ ಬೇರೆ ಮಾಡಿ ಕೊಡುವ ಮನೆ ಎಷ್ಟು, ಬೇರೆ ಮಾಡಿದ್ದೇವೆ ಎಂದು ಹೇಳಿ ಒಂದೇ ಚೀಲದಲ್ಲಿ ಕೊಡುವ ಮನೆ ಎಷ್ಟು. ಇದೆಲ್ಲ ವರ್ಷಕ್ಕೊಮ್ಮೆ ದೊಡ್ಡ ಪಟ್ಟಿಯಾಗಿ ಮಣಿಪಾಲದ ಜಿಲ್ಲಾ ಕಚೇರಿಗೆ ಹೋಗುತ್ತದೆ. ಗುತ್ತಿಗೆಯ ಕೆಲಸ, ಹನ್ನೊಂದು ವರ್ಷವಾಯಿತು. ಮುಖ್ಯಾಧಿಕಾರಿಗಳು ಐದು ಮಂದಿ ಬಂದು ಹೋದರು, ಕಿಟಕಿಯ ಪಕ್ಕದ ಮೇಜು ಮಾತ್ರ ಅಲ್ಲಿಯೇ ಉಳಿಯಿತು.

ಲೆಕ್ಕ ಅವಳಿಗೆ ಶಾಲೆಯಿಂದ ಬಂದದ್ದಲ್ಲ. ಶಾಲೆ ಹತ್ತನೇ ತರಗತಿಗೆ ನಿಂತಿತ್ತು. ಕಾಪುವಿನಲ್ಲಿದ್ದ ಅವಳ ತಾಯಿ ಬುಟ್ಟಿಯಲ್ಲಿ ಮೀನು ಹೊತ್ತು, ಬಸ್ಸಿನಲ್ಲಿ ಉಡುಪಿಗೆ ಹೋಗಿ, ಬನ್ನಂಜೆಯ ಮನೆಮನೆಗೆ ಮಾರುತ್ತಿದ್ದಳು. ಅಕ್ಷರ ತಿಳಿಯದ ಆ ಹೆಂಗಸಿನ ತಲೆಯಲ್ಲಿ ಅರವತ್ತು ಮನೆಗಳ ಪಟ್ಟಿ ಇತ್ತು. ಯಾರಿಗೆ ಬಂಗುಡೆ, ಯಾರಿಗೆ ಬೂತಾಯಿ, ಯಾರ ಮನೆಯಲ್ಲಿ ಸೋಮವಾರ ಮೀನು ಇಲ್ಲ, ಯಾರ ಮನೆಗೆ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ರಜೆಯಲ್ಲಿ ಜೊತೆಗೆ ಹೋಗುತ್ತಿದ್ದ ನಳಿನಾಕ್ಷಿ ಇದನ್ನೆಲ್ಲ ನೋಡಿಯೇ ಕಲಿತಳು. "ಅಂಗಳದಲ್ಲಿ ನಿಂತು ಕೇಳಿದರೆ ಒಂದು ಉತ್ತರ, ಅಡುಗೆಮನೆಯ ಬಾಗಿಲಲ್ಲಿ ಕೇಳಿದರೆ ಇನ್ನೊಂದು. ಮೀನು ಮಾರುವವಳಿಗೆ ಎರಡನೆಯದ್ದು ಬೇಕು" ಎನ್ನುತ್ತಿದ್ದಳು ತಾಯಿ. ಶೇಕಡಾವಾರು ಲೆಕ್ಕವನ್ನು ನಳಿನಾಕ್ಷಿ ಪತ್ರಿಕೆಯ ಚುನಾವಣಾ ಫಲಿತಾಂಶ ನೋಡಿ ಕಲಿತಳು, ಕಂಪ್ಯೂಟರನ್ನು ಹಳೆಯ ಗುಮಾಸ್ತರ ಬೆನ್ನ ಹಿಂದೆ ನಿಂತು. ಗಂಡ ಮಲ್ಪೆಯ ಬೋಟಿನಲ್ಲಿ. ಹತ್ತು ದಿವಸ ನೀರಿನ ಮೇಲೆ, ಎರಡು ದಿವಸ ಮನೆಯಲ್ಲಿ. ಹಾಗಾಗಿ ಕಲಿಯಲು ಸಮಯಕ್ಕೆ ಬರಗಾಲ ಇರಲಿಲ್ಲ.

ಇಷ್ಟು ಬಲ್ಲವಳೇ ಆ ವರ್ಷ ತಪ್ಪು ಮಾಡಿದಳು. ಅದೂ ಮರ್ಯಾದಸ್ಥಳಾಗಿದ್ದದ್ದರಿಂದ.

ತೆಂಕಕೋಡಿಯ ಏಳನೇ ವಾರ್ಡಿನ ಹೆಸರು ಕುದ್ರುಬದಿ. ಹೊಳೆಗೂ ಕಡಲಿಗೂ ನಡುವೆ ಮಲಗಿದ ಮರಳಿನ ಪಟ್ಟಿ, ಇನ್ನೂರ ಹನ್ನೆರಡು ಮನೆ. ಪೇಟೆಯ ನಳ್ಳಿ ನೀರು ಹೊಳೆ ದಾಟಿ ಅಲ್ಲಿಗೆ ಹೋದದ್ದಿಲ್ಲ. ಪ್ರತಿ ಮನೆಗೂ ಬಾವಿ ಉಂಟು. ಮಳೆಗಾಲದಿಂದ ಮಕರ ಸಂಕ್ರಮಣದ ತನಕ ಆ ಬಾವಿಗಳ ನೀರು ಎಳನೀರಿನಂತೆ. ಶಿವರಾತ್ರಿ ಕಳೆದ ಮೇಲೆ ಉಪ್ಪು ಏರುತ್ತದೆ. ಆಮೇಲೆ ಮಳೆ ಬೀಳುವವರೆಗೆ ಆ ನೀರಿನಲ್ಲಿ ಕುಚ್ಚಲಕ್ಕಿ ಬೇಯುವುದಿಲ್ಲ, ಚಹಾಕ್ಕೆ ಹಾಲು ಹಾಕಿದರೆ ಒಡೆಯುತ್ತದೆ.

ಆ ವರ್ಷ ಮಣಿಪಾಲದಿಂದ ಬಂದ ನಮೂನೆಯಲ್ಲಿ ಒಂದು ಹೊಸ ಪ್ರಶ್ನೆ ಇತ್ತು: 'ಮನೆಯವರಿಗೆ ನೀರು ವರ್ಷವಿಡೀ ಸಾಕಾಗುತ್ತದೆಯೇ?' ಇಲ್ಲ ಎಂದವರ ಮನೆಗಳು ಒಂದು ಪಟ್ಟಿಗೆ ಹೋಗುತ್ತವೆ. ಬೇಸಿಗೆಯ ಟ್ಯಾಂಕರ್ ಇನ್ನು ಮುಂದೆ ಆ ಪಟ್ಟಿಯಲ್ಲಿದ್ದ ಮನೆಗಳಿಗೆ ಮಾತ್ರ. ಹೊಸ ಪೈಪೂ ಅದೇ ಪಟ್ಟಿ ನೋಡಿಯೇ.

ನಳಿನಾಕ್ಷಿ ದೀಪಾವಳಿ ಕಳೆದ ಮೇಲೆ ಎರಡು ವಾರ ಕುದ್ರುಬದಿಯಲ್ಲಿ ಮನೆಮನೆ ಸುತ್ತಿದಳು. ಎಲ್ಲ ಕಡೆ ಜಗಲಿಯಲ್ಲಿ ಕುಳ್ಳಿರಿಸಿ ಮಾತನಾಡಿಸಿದರು. ಎಲ್ಲರೂ ಹೌದು ಎಂದರು. ಅವಳು ಹೌದು ಎಂದು ಬರೆದಳು. ಡಿಸೆಂಬರಿನಲ್ಲಿ ಅದರ ಕರಡು ಮಣಿಪಾಲಕ್ಕೆ ಹೋಯಿತು.

ಜನವರಿಯಲ್ಲಿ ಅಂತಿಮ ಪಟ್ಟಿ ಮಣಿಪಾಲಕ್ಕೆ ಹೋಗಲು ನಾಲ್ಕು ದಿವಸ ಇರುವಾಗ, ಕೊನೆಯ ಸಲ ಮೊತ್ತಗಳನ್ನು ಗಟ್ಟಿಯಾಗಿ ಓದಿ ನೋಡುತ್ತಿದ್ದಳು. ವಾಲ್ವ್ ತಿರುಗಿಸುವ ವಾಸು ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಬಂದವನು ಬಾಗಿಲಲ್ಲಿಯೇ ನಿಂತ. ಬೇಸಿಗೆಯಲ್ಲಿ ಪಂಚಾಯಿತಿಯ ಟ್ಯಾಂಕರ್ ಓಡಿಸುವವನೂ ಅವನೇ.

"ಏಳನೇ ವಾರ್ಡ್, ಇನ್ನೂರ ಹನ್ನೆರಡರಲ್ಲಿ ಇನ್ನೂರ ಹನ್ನೆರಡು ಹೌದು" ಎಂದು ಓದಿದಳು.

ವಾಸು ನಕ್ಕ. "ಹಾಗಾದರೆ ಕಳೆದ ಏಪ್ರಿಲಿನಲ್ಲಿ ನಾನು ಟ್ಯಾಂಕರ್ ತೆಗೆದುಕೊಂಡು ಯಾರ ಮನೆಗೆ ಹೋದದ್ದು ಅಕ್ಕಾ? ಭೂತಗಳ ಮನೆಗಾ?"

"ಎಂತ ಹೇಳುತ್ತೀ ನೀನು?"

"ಎಂತ ಇಲ್ಲ ಮಾರಾಯ್ರೆ. ಕುದ್ರುಬದಿಯ ಹೆಂಗಸರು ಟ್ಯಾಂಕರಿನ ಎದುರು ಕೊಡಪಾನ ಹಿಡಿದು ನನ್ನನ್ನು ಬೈದ ಬೈಗುಳವನ್ನೆಲ್ಲ ಬರೆದಿಟ್ಟಿದ್ದರೆ ನಿಮ್ಮ ಪಟ್ಟಿಗಿಂತ ಉದ್ದ ಆಗುತ್ತಿತ್ತು."

ನಳಿನಾಕ್ಷಿ ಮತ್ತೆ ಹಾಳೆ ನೋಡಿದಳು. ಮೇಲಿನಿಂದ ಕೆಳಗಿನ ತನಕ ಹೌದು, ಹೌದು, ಹೌದು. ಹನ್ನೊಂದು ವರ್ಷದಲ್ಲಿ ಯಾವ ಪ್ರಶ್ನೆಗೂ ಒಂದು ಇಡೀ ವಾರ್ಡು ಒಂದೇ ಉತ್ತರ ಕೊಟ್ಟದ್ದನ್ನು ಅವಳು ಕಂಡಿರಲಿಲ್ಲ. ನಿಮ್ಮ ಮನೆಗೆ ಬಾಗಿಲು ಉಂಟಾ ಎಂದು ಕೇಳಿದರೂ ಒಬ್ಬರಾದರೂ ತಕರಾರು ತೆಗೆಯುವ ಊರು ಅದು. ಹಾಗಾದರೆ ಇವರೆಲ್ಲ ಸುಳ್ಳು ಹೇಳಿದರೇ? ಅದೂ ಅಲ್ಲ. ಅವರಿಗೆ ಸುಳ್ಳು ಹೇಳಿ ಸಿಗುವುದೇನು?

ಸಂಜೆ ಮನೆಗೆ ನೆಂಟರು ಬಂದರು. ಅವಳು ಎಂದಿನ ಹಾಗೆ ಒಳಗೆ ಹೋಗಿ ಒಂದು ತುಂಡು ಓಲೆಬೆಲ್ಲ, ಒಂದು ಚೆಂಬು ನೀರು ತಂದಿಟ್ಟಳು. ಈ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ ಮಾತು. ಚೆಂಬು ಕೆಳಗಿಡುವಾಗ ಅವಳಿಗೆ ಹೊಳೆಯಿತು. ಕುದ್ರುಬದಿಯ ಇನ್ನೂರ ಹನ್ನೆರಡು ಮನೆಯಲ್ಲೂ ಅವಳು ಬೆಲ್ಲ ತಿಂದಿದ್ದಾಳೆ, ನೀರು ಕುಡಿದಿದ್ದಾಳೆ. ಬೇಡ ಎಂದರೆ ಮನೆಯವರಿಗೆ ಅವಮಾನ. ಕುಡಿದು, ಬಾಯಿ ಒರೆಸಿಕೊಂಡು, ಆಮೇಲೆ ಕೇಳಿದ್ದಾಳೆ: ನಿಮಗೆ ನೀರು ಸಾಕಾಗುತ್ತದಾ? ಈಗಷ್ಟೇ ಬಂದವಳ ಬಾಯಾರಿಕೆ ತಣಿಸಿದ ಯಾವ ಮನೆಯೊಡತಿ ಇಲ್ಲ ಎಂದಾಳು? ಇಲ್ಲ ಎಂದರೆ ನೀನು ಕುಡಿದದ್ದು ನಮಗೆ ಕಡಿಮೆಯಾಯಿತು ಎಂದ ಹಾಗೆ. ತನ್ನನ್ನು ಕೇಳಿದ್ದರೆ ತಾನೂ ಹೌದು ಎಂದೇ ಹೇಳುತ್ತಿದ್ದೆ ಎನ್ನುವುದು ನಳಿನಾಕ್ಷಿಗೆ ಗೊತ್ತಿತ್ತು.

ಮರುದಿನ ಕಚೇರಿ ತೆರೆಯುತ್ತಲೇ ಅವಳು ಮುಖ್ಯಾಧಿಕಾರಿ ಅನಂತೇಶರ ಮುಂದೆ ನಿಂತಳು. ಅನಂತೇಶರು ಕಾರ್ಕಳದವರು, ಬಂದು ವರ್ಷವಾಗಿತ್ತಷ್ಟೆ. ಕೆಟ್ಟವರಲ್ಲ. ಆದರೆ ಸಹಿ ಹಾಕಿದ ಕಾಗದವನ್ನು ಮತ್ತೆ ತೆರೆಯುವುದೆಂದರೆ ಅವರಿಗೆ ಹಲ್ಲು ಕೀಳಿಸಿದ ಹಾಗೆ.

"ಏಳನೇ ವಾರ್ಡಿನ ನೀರಿನ ಲೆಕ್ಕ ತಪ್ಪಿದೆ ಸರ್. ತಪ್ಪು ನನ್ನದು."

"ನಾನು ಸಹಿ ಹಾಕಿ ಆಯಿತಲ್ಲ ನಳಿನಾಕ್ಷಿಯವರೇ. ನಾನೇ ಹೋಗಿ ನೋಡಿದ್ದೇನೆ, ಪ್ರತಿ ಅಂಗಳದಲ್ಲೂ ಬಾವಿ, ಎರಡು ಆಳೆತ್ತರ ಇಳಿದರೆ ನೀರು. ನಮ್ಮ ಕಾರ್ಕಳದಲ್ಲಿ ಕಲ್ಲು ಒಡೆದು ಹನ್ನೆರಡು ಆಳು ಇಳಿದರೂ ಬೇಸಿಗೆಯಲ್ಲಿ ಕೆಸರು. ನೀರು ಇಲ್ಲದಿರುವುದು ಎಂದರೆ ಅದು."

"ನಿಮ್ಮಲ್ಲಿ ನೀರು ಬತ್ತುತ್ತದೆ ಸರ್, ಇಲ್ಲಿ ಕೆಡುತ್ತದೆ. ಬಾವಿ ತುಂಬ ಇರುತ್ತದೆ, ಬಾಯಿಗೆ ಹಾಕಲಿಕ್ಕೆ ಆಗುವುದಿಲ್ಲ."

"ನೀವೇ ಕೇಳಿ ಬರೆದದ್ದು. ಈಗ ಮತ್ತೆ ಕೇಳಿದರೆ ಅವರು ಬೇರೆ ಹೇಳುತ್ತಾರೆಂದು ಏನು ಗ್ಯಾರಂಟಿ?"

"ಕೇಳುವ ಕ್ರಮ ಬದಲಿಸುತ್ತೇನೆ. ಮೂರು ದಿವಸ ಕೊಡಿ. ಪಟ್ಟಿಯಲ್ಲಿ ಈಗ ಇಲ್ಲ ಎಂದು ಬಾರದಿದ್ದರೆ ಈ ಬೇಸಿಗೆಯಲ್ಲಿ ಟ್ಯಾಂಕರ್ ಹೊಳೆ ದಾಟುವುದಿಲ್ಲ ಸರ್."

ಅನಂತೇಶರು ಪೆನ್ನಿನ ಮುಚ್ಚಳವನ್ನು ತೆಗೆದರು, ಹಾಕಿದರು. "ಮೂರೇ ದಿವಸ. ಶುಕ್ರವಾರ ಬೆಳಿಗ್ಗೆ ಪಟ್ಟಿ ಹೇಗಿದೆಯೋ ಹಾಗೆ ಹೋಗುತ್ತದೆ."

ಅವಳು ನೇರ ಮಂದಿರಕ್ಕೆ ಹೋದಳು. ಮನೆಯವರು ಕೊಟ್ಟ ನೀರನ್ನು ಬೇಡ ಎನ್ನಲು ಸುಳ್ಳು ಕಾರಣ ಹೇಳುವುದು ಅವಳಿಂದ ಆಗದ ಕೆಲಸ. ದೇವರ ಮುಂದೆ ನಿಂತು, ಪಟ್ಟಿ ಸರಿಯಾಗುವ ತನಕ ಸೂರ್ಯ ಇರುವಾಗ ಒಂದು ಹನಿ ನೀರು ಮುಟ್ಟುವುದಿಲ್ಲ ಎಂದು ನಿಜವಾದ ವ್ರತವನ್ನೇ ತೊಟ್ಟಳು. ವ್ರತ ಹಿಡಿದವರನ್ನು ಯಾರೂ ಒತ್ತಾಯಿಸುವುದಿಲ್ಲ.

ಈ ಸಲ ಅವಳು ಮುಂದಿನ ಅಂಗಳಕ್ಕೆ ಹೋಗಲಿಲ್ಲ. ಮನೆಯ ಹಿಂದಿನಿಂದ ಬಾವಿಕಟ್ಟೆಗೆ ಹೋದಳು. ಹನ್ನೊಂದು ಗಂಟೆಯ ಹೊತ್ತು, ಹೆಂಗಸರು ಬಟ್ಟೆ ಒಗೆಯುವ ಹೊತ್ತು. ಮೊದಲ ಮನೆ ಗುಲಾಬಿಯಕ್ಕನದು. ಎಪ್ಪತ್ತು ದಾಟಿದ ಗುಲಾಬಿಯಕ್ಕನ ನಾಲಗೆ ಆ ವಾರ್ಡಿಗೆಲ್ಲ ಹೆಸರಾದದ್ದು.

"ಏನೇ ಇದು, ಕಳ್ಳಿಯ ಹಾಗೆ ಹಿಂದಿನಿಂದ ಬಂದದ್ದು? ಕುಳಿತುಕೋ, ಬೆಲ್ಲ ತರುತ್ತೇನೆ."

"ಬೇಡ ಗುಲಾಬಿಯಕ್ಕ, ವ್ರತ ಉಂಟು. ಕತ್ತಲೆಯಾಗುವವರೆಗೆ ನೀರು ಇಲ್ಲ."

"ಇವತ್ತು ಏಕಾದಶಿಯೂ ಅಲ್ಲ, ಸಂಕಷ್ಟಿಯೂ ಅಲ್ಲ. ಎಂತ ವ್ರತ ಇದು, ಪಂಚಾಯಿತಿ ವ್ರತವಾ?"

"ಹಾಗೆಂದೇ ತಿಳಿದುಕೊಳ್ಳಿ" ಎಂದು ನಳಿನಾಕ್ಷಿ ನಿಂತೇ ಪುಸ್ತಕ ಬಿಡಿಸಿದಳು. "ಒಂದೇ ಮಾತು ಕೇಳಿ ಹೋಗುತ್ತೇನೆ. ಕಳೆದ ಬಿಸುವಿಗೆ ನಿಮ್ಮ ಮನೆಯಲ್ಲಿ ಪಾಯಸ ಮಾಡಿದಿರಲ್ಲ, ಎಲ್ಲಿಯ ನೀರಿನಲ್ಲಿ ಮಾಡಿದ್ದು?"

ಏಪ್ರಿಲ್ ತಿಂಗಳ ನಡುವೆ ಬರುವ ಬಿಸು ಇಲ್ಲಿಯವರ ಹೊಸ ವರ್ಷ. ಆ ದಿನದ ಪಾಯಸ ಹೇಗಿತ್ತೆಂದು ಮರೆಯುವ ಹೆಂಗಸು ಈ ಕರಾವಳಿಯಲ್ಲಿ ಇಲ್ಲ.

ಗುಲಾಬಿಯಕ್ಕ ಬಟ್ಟೆ ಕುಕ್ಕುವುದನ್ನು ನಿಲ್ಲಿಸಿದಳು. "ಆ ಪಾಯಸದ ಸುದ್ದಿ ಎತ್ತಬೇಡ. ಟ್ಯಾಂಕರ್ ಬರುತ್ತದೆಂದು ಹನ್ನೊಂದರ ತನಕ ಕಾದೆ. ಆ ವಾಸು ಬರಲಿಲ್ಲ. ಕೊನೆಗೆ ಸೊಸೆ ಹೊಳೆಯಾಚೆ ತಾಯಿಮನೆಗೆ ಹೋಗಿ ಎರಡು ಕ್ಯಾನ್ ತಂದಳು, ರಿಕ್ಷಾದಲ್ಲಿ. ಬಿಸುವಿನ ದಿವಸ ದೇವರ ಎಡೆ ಮಧ್ಯಾಹ್ನ ಎರಡು ಗಂಟೆಗೆ! ನನ್ನ ಅತ್ತೆ ಇದ್ದಿದ್ದರೆ ನನ್ನನ್ನೇ ಬಾವಿಗೆ ಹಾಕುತ್ತಿದ್ದಳು."

"ಈ ಬಾವಿಯ ನೀರು?"

"ಇದು ಶಿವರಾತ್ರಿಯ ತನಕ ಗಂಗೆ. ಆಮೇಲೆ ಕಡಲೇ ಬಂದು ಕುಳಿತುಕೊಳ್ಳುತ್ತದೆ."

"ಮತ್ತೆ ಮೊನ್ನೆ ಕೇಳಿದಾಗ ಬೇಕಾದಷ್ಟು ಉಂಟು ಎಂದಿರಿ?"

"ನನ್ನ ಜಗಲಿಯಲ್ಲಿ ಕುಳಿತು, ನನ್ನ ಚೆಂಬು ಎತ್ತಿ ಕುಡಿದು, ಹಾಗೆ ಕೇಳಿದರೆ ನಾನು ಇಲ್ಲ ಅನ್ನಲಾ? ನಿನಗೆ ಬುದ್ಧಿ ಹೇಳಿಕೊಟ್ಟವರು ಯಾರೂ ಇಲ್ಲವಾ?"

"ಇದ್ದರು" ಎಂದಳು ನಳಿನಾಕ್ಷಿ ನಗುತ್ತ. "ನಾನೇ ಮರೆತದ್ದು."

ಮೂರನೇ ಮನೆ ಸೆಲೀನ್ ಬಾಯಿಯದು. ಅವರಿಗೆ ಬಿಸು ಇಲ್ಲ. ಆದರೆ ಪ್ರಶ್ನೆ ಬೇಲಿ ಹಾರಿ ಅಷ್ಟರಲ್ಲಿಯೇ ಅಲ್ಲಿಗೆ ತಲುಪಿತ್ತು. "ನಳಿನಾಕ್ಷಿ, ನನಗೆ ಪಾಯಸದ್ದು ಕೇಳಬೇಡ, ಈಸ್ಟರಿನದ್ದು ಕೇಳು" ಎಂದು ಸೆಲೀನ್ ಬಾಯಿ ಬಾವಿಕಟ್ಟೆಯಲ್ಲೇ ಕಾಯುತ್ತಿದ್ದರು. "ಇಪ್ಪತ್ತು ಜನ ಊಟಕ್ಕೆ. ಬಾಟಲಿ ನೀರು ತಂದು ಅಡುಗೆ ಮಾಡಿದೆ. ಈ ಬಾವಿಯ ನೀರಿನಲ್ಲಿ ಕಾಫಿ ಮಾಡಿದ್ದಕ್ಕೆ ನನ್ನ ನಾದಿನಿ ಒಂದು ಗುಟುಕು ಕುಡಿದು, ಇದರಲ್ಲಿ ಮೀನು ಎಲ್ಲಿ ಎಂದಳು."

ಮಧ್ಯಾಹ್ನದ ಹೊತ್ತಿಗೆ ಅವಳು ಕೇಳುವ ಅಗತ್ಯವೇ ಇರಲಿಲ್ಲ. ಒಂದು ಮನೆಯ ಪಾಯಸದ ಕತೆ ಮುಗಿಯುವ ಮೊದಲೇ ಪಕ್ಕದವರು ತಮ್ಮದನ್ನು ಹೇಳಲು ಬರುತ್ತಿದ್ದರು. ಪಾಯಸವನ್ನೇ ಮಾಡದೆ ಅಂಗಡಿಯ ಸಿಹಿ ತಂದ ಮನೆ ಹದಿನಾಲ್ಕು. ಹಿಂದಿನ ದಿನವೇ ಕೊಡಪಾನದಲ್ಲಿ ನೀರು ತುಂಬಿ, ಯಾರೂ ಮುಟ್ಟದ ಹಾಗೆ ಬಾಯಿಗೆ ಬಟ್ಟೆ ಕಟ್ಟಿಟ್ಟ ಮನೆ ಇಪ್ಪತ್ತೆರಡು. ನಳಿನಾಕ್ಷಿ ಬಾಯಿ ಒಣಗಿದರೂ ಎಲ್ಲವನ್ನೂ ಕೇಳಿದಳು. ಯಾರನ್ನೂ ಅರ್ಧದಲ್ಲಿ ತಡೆಯಲಿಲ್ಲ. ಎಲ್ಲರೂ ಇಲ್ಲ ಎಂದರೆ ಅದನ್ನೂ ನಂಬುವುದಿಲ್ಲ ಎಂದು ಮನಸ್ಸಿನಲ್ಲಿಯೇ ತೀರ್ಮಾನಿಸಿದ್ದಳು. ಹಾಗೆ ಆಗಲಿಲ್ಲ. ವಾರ್ಡಿನ ಮೂಡು ಬದಿಯಲ್ಲಿ ನೆಲ ಸ್ವಲ್ಪ ಎತ್ತರ. ಅಲ್ಲಿಯ ನಲವತ್ತೊಂಬತ್ತು ಮನೆಯವರು, "ನಮ್ಮ ಬಾವಿಯದ್ದೇ, ಪಾಯಸ ಚೆನ್ನಾಗಿ ಆಗಿತ್ತು" ಎಂದರು. ಆಗ ಅವಳಿಗೆ ತನ್ನ ಪ್ರಶ್ನೆಯ ಮೇಲೆ ಪೂರ್ತಿ ನಂಬಿಕೆ ಬಂತು.

ಗುರುವಾರ ಸಂಜೆ ಅವಳು ಹಾಳೆಗಳನ್ನು ಅನಂತೇಶರ ಮೇಜಿನ ಮೇಲಿಟ್ಟಳು. ಕೈಯಲ್ಲಿಯೇ ಗೆರೆ ಎಳೆದು ಒಂದು ಕಾಲಂ ಹೆಚ್ಚು ಮಾಡಿದ್ದಳು. ಸಾಕಾಗದ ಮನೆ ನೂರ ಅರವತ್ತಮೂರು.

"ಸರಕಾರದ ನಮೂನೆಯಲ್ಲಿ ಪಾಯಸಕ್ಕೆ ಕಾಲಂ ಇಲ್ಲವಲ್ಲ" ಎಂದರು ಅವರು.

"ಏಪ್ರಿಲ್ ಎರಡನೇ ವಾರ ಎಂದು ಬರೆಯಿರಿ ಸರ್. ದೇವರಿಗೆ ಗೊತ್ತಾಗುತ್ತದೆ."

ಅನಂತೇಶರು ನಗಲಿಲ್ಲ. ವಾಸುವನ್ನು ಕರೆದು ಹಿಂದಿನ ಬೇಸಿಗೆಯ ಟ್ಯಾಂಕರ್ ಪುಸ್ತಕ ತರಿಸಿದರು. ಯಾವ ದಿನ ಯಾವ ಮನೆಗೆ ನೀರು ಇಳಿಸಿದ್ದೆಂದು ವಾಸು ತನ್ನ ಓರೆ ಅಕ್ಷರದಲ್ಲಿ ಬರೆದಿಟ್ಟಿದ್ದ. ಅವರು ಒಂದು ಬೆರಳು ಆ ಪುಸ್ತಕದ ಮೇಲೆ, ಒಂದು ಬೆರಳು ನಳಿನಾಕ್ಷಿಯ ಹಾಳೆಯ ಮೇಲೆ ಇಟ್ಟು ಮನೆ ಮನೆಯಾಗಿ ಇಳಿದರು. ಅರ್ಧ ಗಂಟೆ ಹಿಡಿಯಿತು. ಟ್ಯಾಂಕರ್ ಪುಸ್ತಕದಲ್ಲಿದ್ದ ಪ್ರತಿ ಮನೆಯೂ ಅವಳ ಹಾಳೆಯಲ್ಲಿತ್ತು. ಎತ್ತರದ ಬದಿಯ ಒಂದು ಮನೆಗೂ ಟ್ಯಾಂಕರ್ ಹೋಗಿರಲಿಲ್ಲ.

ಅವರು ಹಳೆಯ ಹಾಳೆಗೆ ಅಡ್ಡಗೆರೆ ಎಳೆದರು. "ನಾಳೆ ನೀವೂ ಮಣಿಪಾಲಕ್ಕೆ ಬನ್ನಿ. ಕೇಳಿದರೆ ಪಾಯಸದ ವಿಷಯ ನನಗೆ ಹೇಳಲಿಕ್ಕೆ ಬರುವುದಿಲ್ಲ."

ಕೇಳಿದರು. ಜಿಲ್ಲಾ ಕಚೇರಿಯಲ್ಲಿ ಪಟ್ಟಿ ಪರಿಶೀಲಿಸುವ ಮಹಿಳಾ ಅಧಿಕಾರಿ ಕನ್ನಡಕ ಏರಿಸಿ, "ಡಿಸೆಂಬರಿನ ಕರಡಿನಲ್ಲಿ ಸೊನ್ನೆ, ಜನವರಿಯಲ್ಲಿ ನೂರ ಅರವತ್ತಮೂರು. ಒಂದು ತಿಂಗಳಲ್ಲಿ ಕಡಲು ಮುಂದೆ ಬಂತಾ?" ಎಂದರು.

ಅನಂತೇಶರು ನಳಿನಾಕ್ಷಿಯ ಮುಖ ನೋಡಿದರು.

"ಕಡಲು ಇದ್ದಲ್ಲಿಯೇ ಉಂಟು ಮೇಡಂ. ಮೊದಲ ಸಲ ನಾನು ನೆಂಟಳ ಹಾಗೆ ಹೋಗಿ ಕೇಳಿದೆ, ಅವರು ಉಪಚಾರದ ಉತ್ತರ ಕೊಟ್ಟರು. ಎರಡನೇ ಸಲ ಬಾವಿಕಟ್ಟೆಯಲ್ಲಿ ನಿಂತು ಕೇಳಿದೆ, ಇದ್ದದ್ದು ಹೇಳಿದರು" ಎಂದು ಅವಳು ಬೆಲ್ಲ ನೀರಿನಿಂದ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದಳು. ತನ್ನ ತಪ್ಪನ್ನು ಸಣ್ಣದು ಮಾಡಲಿಲ್ಲ, ದೊಡ್ಡದೂ ಮಾಡಲಿಲ್ಲ.

ಅಧಿಕಾರಿ ಕೇಳಿ ಮುಗಿಸಿ, ಪಟ್ಟಿಗೆ ಮೊಹರು ಒತ್ತಿದರು. ಆಮೇಲೆ ಒಂದು ಚೀಟಿ ತೆಗೆದು, "ಆ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿ. ಉಳಿದ ಕರಾವಳಿ ವಾರ್ಡಿನವರಿಗೂ ಕಳುಹಿಸುತ್ತೇನೆ" ಎಂದರು.

ಮನೆಗೆ ಬರುವಾಗ ಸೂರ್ಯ ಇನ್ನೂ ಇದ್ದ. ಆದರೆ ಪಟ್ಟಿ ಸರಿಯಾಗಿತ್ತು, ವ್ರತ ಮುಗಿದಿತ್ತು. ನಳಿನಾಕ್ಷಿ ಬಸ್ ನಿಲ್ದಾಣದ ಅಂಗಡಿಯಲ್ಲಿ ಎರಡು ಎಳನೀರು ಒಂದರ ಮೇಲೊಂದು ಕುಡಿದಳು.

ಆ ಬೇಸಿಗೆಯಲ್ಲಿ ಟ್ಯಾಂಕರ್ ಪಟ್ಟಿಯಂತೆಯೇ ಹೋಯಿತು. ಬಿಸುವಿನ ದಿವಸ ವಾಸು ಬೆಳಿಗ್ಗೆ ಏಳಕ್ಕೇ ಹೊಳೆ ದಾಟಿದ್ದ. ಹೋದಲ್ಲೆಲ್ಲ ಪಾಯಸ ಕುಡಿದು ಎರಡು ದಿವಸ ಹೊಟ್ಟೆ ಹಿಡಿದು ಮಲಗಿದ. ಮಳೆಗಾಲ ಕಳೆದ ಮೇಲೆ ಪೈಪುಗಳು ಬಂದವು. ಪೇಟೆಯ ಟ್ಯಾಂಕಿಯಿಂದ ಹೊರಟ ಹೊಸ ಲೈನು ನಾಲ್ಕನೇ ವಾರ್ಡಿನ ರಸ್ತೆಯಲ್ಲಿ ಬಂದು ಕುದ್ರುಬದಿಯ ಸೇತುವೆಯ ಕಡೆಗೆ ತಿರುಗಬೇಕು. ಆ ರಸ್ತೆಯಲ್ಲೇ ನಳಿನಾಕ್ಷಿಯ ಮನೆ. ಅವಳ ನಳ್ಳಿಗೆ ಎರಡು ದಿವಸಕ್ಕೊಮ್ಮೆ, ಒಂದೂವರೆ ಗಂಟೆ ನೀರು. ಹೊಸ ಲೈನಿನಲ್ಲಿ ದಿನಾ ಬರುತ್ತದೆ.

ಅವಳ ಗೇಟಿನ ಮುಂದೆ ಅಗೆಯುತ್ತಿದ್ದ ದಿನ ಅನಂತೇಶರು ಕೆಲಸ ನೋಡಲು ಬಂದರು. ಅವಳು ಆಗಷ್ಟೇ ಕಚೇರಿಗೆ ಹೊರಟಿದ್ದಳು. ವಾಸು ಗುಂಡಿಯ ಅಂಚಿನಲ್ಲಿ ಕುಳಿತು ಪೈಪಿನ ತುದಿ ಒರೆಸುತ್ತಿದ್ದ.

"ನಳಿನಾಕ್ಷಿಯವರೇ, ಒಂದು ಮಾತು. ಈ ಪೈಪು ಬಂದದ್ದೇ ನಿಮ್ಮಿಂದ. ನಿಮ್ಮ ಗೇಟಿಗೆ ನಾಲ್ಕು ಅಡಿ ಅಷ್ಟೇ. ಒಂದು ಕನೆಕ್ಷನ್ ಒಳಗೆ ಕೊಡಿಸುತ್ತೇನೆ. ಇದಕ್ಕೆ ಯಾರೂ ಏನೂ ಹೇಳಲಿಕ್ಕಿಲ್ಲ."

"ಹೂಂ ಅನ್ನಿ ಅಕ್ಕಾ" ಎಂದ ವಾಸು. "ಮುಚ್ಚಿದ ಮೇಲೆ ಮತ್ತೆ ಅಗೆಯಲಿಕ್ಕೆ ನನ್ನ ಸೊಂಟಕ್ಕೆ ಆಗುವುದಿಲ್ಲ."

ನಳಿನಾಕ್ಷಿ ಗುಂಡಿಯೊಳಗೆ ಬಗ್ಗಿ ನೋಡಿದಳು. ಹೊಸ ನೀಲಿ ಪೈಪು ಸೇತುವೆಯ ಕಡೆಗೆ ಮುಖ ಮಾಡಿ ಮಲಗಿತ್ತು. ದಿನಾ ನೀರು ಎಂದರೆ ಏನೆಂದು ಅವಳಿಗೂ ಗೊತ್ತು. ಮಗಳು ಬಾಣಂತನಕ್ಕೆ ಬರುವ ದಿನ ದೂರ ಇರಲಿಲ್ಲ.

"ನಿಮ್ಮ ಮನಸ್ಸು ದೊಡ್ಡದು ಸರ್. ಆದರೆ ಬೇಡ" ಎಂದಳು. "ನನ್ನ ನಳ್ಳಿಯಲ್ಲಿ ಬರುವುದು ಎರಡು ದಿವಸಕ್ಕೊಮ್ಮೆಯಾದರೂ ಸಿಹಿ ನೀರು. ಮಣಿಪಾಲದಲ್ಲಿ ನಿಂತು ನೂರ ಅರವತ್ತಮೂರು ಮನೆ ಎಂದು ಹೇಳಿದ್ದು ನಾನೇ. ನೀರು ನೂರ ಅರವತ್ತನಾಲ್ಕಕ್ಕೆ ಹೋದರೆ, ಎರಡನೇ ಸಲ ತಪ್ಪು ಬರೆದವಳು ನಾನಾಗುತ್ತೇನೆ. ನಮ್ಮ ವಾರ್ಡಿಗೆ ದಿನಾ ನೀರು ಬೇಕೆಂದು ಮುಂದಿನ ವರ್ಷದ ಪಟ್ಟಿಯಲ್ಲಿ ಎಲ್ಲರ ಜೊತೆ ನನ್ನ ಮನೆಯನ್ನೂ ಬರೆಯುತ್ತೇನೆ. ನೀನು ಮಣ್ಣು ಮುಚ್ಚು ವಾಸು."